ಬಾಗಿಲ ಕೆಳಗಿನ ತಂಪು

ಕಟ್ಟಡಗಳ ಏಸಿ ಎಷ್ಟು ಕರೆಂಟು ತಿನ್ನುತ್ತದೆಂದು ಕಡ್ಡಾಯ ತಪಾಸಣೆ ಮಾಡುವುದು ಆಗ ನನ್ನ ಕೆಲಸ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮೊಂದರ ಆಫೀಸಿನ ಬಾಗಿಲ ಕೆಳಗೆ ಎರಡು ಬೆರಳಿನಷ್ಟು ಸಂದು ಇತ್ತು. ಇಂಥ ಪೋಲು ಹಿಡಿಯುವುದೆಂದರೆ ನನಗೆ ಹಬ್ಬ. ತಂಪೆಲ್ಲ ಸೋರಿ ಹೋಗುತ್ತಿದೆ, ರಬ್ಬರ್ ಪಟ್ಟಿ ಹೊಡೆಸಲೇಬೇಕು ಎಂದು ವರದಿಯಲ್ಲಿ ಬರೆದೆ.

ಮುಂದಿನ ಬೇಸಿಗೆಯಲ್ಲಿ ಮರುತಪಾಸಣೆಗೆ ಹೋದಾಗ ಪಟ್ಟಿ ಭದ್ರವಾಗಿ ಕೂತಿತ್ತು. ಬಾಗಿಲ ಹೊರಗೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಹೆಂಗಸರಲ್ಲಿ ಹಿರಿಯಳೊಬ್ಬಳು ಕೇಳಿದಳು:

“ಸಂದು ಮುಚ್ಚಿಸಿದವ್ರು ನೀವ ಏನ್ರಿ ಸಾಹೇಬ್ರ? ಕೈ ಉರಿಯಾಕ ಹತ್ತಿದ್ರ ನಾವು ಅಲ್ಲೇ ಹಿಡಕೊಂಡು ಕುಂದರ್ತಿದ್ವಿ.”

ಅವಳ ಬೆರಳುಗಳು ಕೆಂಪಗೆ ಊದಿಕೊಂಡಿದ್ದವು. ನಾನು ಒಳಗೆ ಹೋಗಿ, ತಣ್ಣಗೆ ಕೂತು, ‘ದೋಷ ಸರಿಪಡಿಸಲಾಗಿದೆ’ ಎಂದು ಬರೆದು ಸಹಿ ಹಾಕಿದೆ.