ಗಾಜಿನ ಮೇಲಿನ ನಲವತ್ತು

ಶಿರ್ವದ ಗ್ಲೋರಿಯಾ ಶಾರ್ಜಾದ ಒಂದು ಹ್ಯಾಂಗರಿನಲ್ಲಿ ಹನ್ನೆರಡು ವರ್ಷ ವಿಮಾನಗಳ ವಯರಿಂಗ್ ಮಾಡಿದವಳು. ಪೈಲಟ್ ತಲೆ ಬಗ್ಗಿಸದೆ ಕಣ್ಣೆದುರಿನ ಗಾಜಿನಲ್ಲೇ ವೇಗ, ಎತ್ತರಗಳನ್ನು ಓದುತ್ತಾನಲ್ಲ, ಆ ಗಾಜಿಗೆ ಅಂಕಿಗಳನ್ನು ಒಯ್ಯುವ ತಂತಿಗಳನ್ನು ಪರೀಕ್ಷಿಸುವುದು ಅವಳ ಕೆಲಸವಾಗಿತ್ತು. ಊರಿಗೆ ಮರಳಿದ ಮೇಲೆ ಮಣಿಪಾಲದಲ್ಲಿ ಒಂದು ಕೋಣೆ ಹಿಡಿದು ಅದೇ ವಿದ್ಯೆಯನ್ನು ಕಾರು, ವ್ಯಾನುಗಳಿಗೆ ಇಳಿಸಿದಳು. ತಾನೇ ಜೋಡಿಸಿದ ಅಂಗೈಯಗಲದ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದರೆ ವೇಗದ ಅಂಕಿ ಎದುರಿನ ಗಾಜಿನಲ್ಲಿ ಹಸಿರಾಗಿ ಮೂಡುತ್ತಿತ್ತು.

ಹೆಬ್ರಿಯ ಮುದ್ದಣ್ಣ ಅವಳ ಹತ್ತನೆಯ ಗಿರಾಕಿ. ಮೂವತ್ತು ವರ್ಷ ವ್ಯಾನ್ ಓಡಿಸಿದವನು. ಕುತ್ತಿಗೆಯ ಆಪರೇಷನ್ ಆದ ಮೇಲೆ ತಲೆ ಕೆಳಗೆ ಬಾಗುತ್ತಿರಲಿಲ್ಲ. ಡಾಕ್ಟರು ಓಡಿಸಬಹುದೆಂದಿದ್ದರು.

“ರಸ್ತೆ ಕಾಣುತ್ತದೆ ಬಾಯಮ್ಮ, ಕನ್ನಡಿಯೂ ಕಾಣುತ್ತದೆ. ಮೀಟರ್ ಒಂದು ಕಾಣುವುದಿಲ್ಲ,” ಎಂದ.

ಪೆಟ್ಟಿಗೆ ಕೂರಿಸಿ ಮರುದಿನ ಬೆಳಿಗ್ಗೆ ಇಬ್ಬರೂ ಕಾರ್ಕಳದ ರಸ್ತೆ ಹಿಡಿದರು. ಗಾಜಿನಲ್ಲಿ ನಲವತ್ತು ಮೂಡಿದಾಗ ಮುದ್ದಣ್ಣನ ಮುಖ ಅರಳಿತು. ಒಂದು ಇಳಿಜಾರು ಬಂತು. ಬದಿಯ ಮರಗಳು ತೀರಾ ಬೇಗ ಹಿಂದೆ ಸರಿಯುತ್ತಿವೆ ಎನಿಸಿ ಗ್ಲೋರಿಯಾ ವಾಲಿ ಮೀಟರ್ ನೋಡಿದಳು. ಮುಳ್ಳು ಅರವತ್ತೆಂಟರಲ್ಲಿತ್ತು. ಗಾಜಿನಲ್ಲಿ ಇನ್ನೂ ನಲವತ್ತೇ.

“ನಿಧಾನ ಮಾಡಿ, ಮುದ್ದಣ್ಣ.”

“ನಲವತ್ತೇ ಉಂಟಲ್ಲ?”

“ಅದು ಸುಳ್ಳು. ನಿಧಾನ ಮಾಡಿ.”

ಅವನು ವ್ಯಾನನ್ನು ಬದಿಗೆ ತಂದು ನಿಲ್ಲಿಸಿದ. “ಜೋರು ಹೋಗುತ್ತಿದ್ದೇನೆ ಅಂತ ನನಗೂ ಅನಿಸಿತು. ಆದರೆ ಅಂಕಿ ಕಣ್ಣೆದುರಿಗೇ ಉಂಟು, ಅದನ್ನೇ ನಂಬಿದೆ,” ಎಂದ.

ಸ್ಟೇರಿಂಗ್ ಕೆಳಗೆ ಪೆಟ್ಟಿಗೆಯ ತಂತಿ ಸಿಕ್ಕಿಸಿದ್ದ ಸಾಕೆಟ್‌ನಲ್ಲಿ ಒಂದು ಪಿನ್ ಸಡಿಲವಾಗಿತ್ತು. ವ್ಯಾನಿನ ಕಂಪ್ಯೂಟರ್ ವೇಗವನ್ನು ಆ ತಂತಿಯಲ್ಲಿ ಸಣ್ಣ ಸಣ್ಣ ಸಂದೇಶಗಳಾಗಿ, ಒಂದರ ಹಿಂದೆ ಒಂದು ಕಳಿಸುತ್ತಲೇ ಇರುತ್ತದೆ. ಸಾಲು ಕಡಿದಾಗ ಪೆಟ್ಟಿಗೆ ಕೊನೆಗೆ ಬಂದ ಅಂಕಿಯನ್ನೇ ಹಿಡಿದುಕೊಂಡು ಕೂತಿತ್ತು.

“ವಯರ್ ಲೂಸ್, ಅಷ್ಟೇ ಅಲ್ವಾ?” ಎಂದ ಮುದ್ದಣ್ಣ.

“ಅಲ್ಲ. ವಯರ್ ಯಾವತ್ತಾದರೂ ಲೂಸ್ ಆಗಿಯೇ ಆಗುತ್ತದೆ. ಸುದ್ದಿ ಬಾರದಿದ್ದರೆ ಬರಲಿಲ್ಲ ಅಂತ ತೋರಿಸಬೇಕಿತ್ತು. ವಿಮಾನದಲ್ಲಿ ಹಳೆಯ ಅಂಕಿಯನ್ನು ಅಳಿಸದೆ ಬಿಡುವುದಿಲ್ಲ. ಇದು ಕಾರು ತಾನೇ ಅಂತ ನಾನು ಸಸಾರ ಮಾಡಿದೆ. ತಪ್ಪು ನನ್ನದು.”

ಎರಡು ದಿನ ಕೂತು ಪ್ರೋಗ್ರಾಂ ತಿದ್ದಿದಳು. ಅರ್ಧ ಸೆಕೆಂಡು ಸಂದೇಶ ಬಾರದಿದ್ದರೆ ಅಂಕಿ ಅಳಿದು ಎರಡು ಗೆರೆ ಮೂಡಬೇಕು, ತಂತಿಯಲ್ಲಿ ಕೆಟ್ಟು ಬಂದ ಸಂದೇಶವನ್ನು ಎಣಿಸಲೇಬಾರದು. ಮತ್ತೆ ಅದೇ ರಸ್ತೆಗೆ ಹೋದರು. ಓಡುತ್ತಿರುವಾಗಲೇ ಅವಳು ಹೇಳದೆ ತಂತಿ ಎಳೆದಳು. ಗೆರೆ ಕಂಡ ಕೂಡಲೇ ಮುದ್ದಣ್ಣ ಆಕ್ಸಿಲರೇಟರಿನಿಂದ ಕಾಲು ತೆಗೆದ.

ಆದರೆ ಮೊದಲಿನ ಒಂಬತ್ತು ಪೆಟ್ಟಿಗೆಗಳು ಬೇರೆ ಬೇರೆ ಊರುಗಳಲ್ಲಿ ಓಡಾಡುತ್ತಿದ್ದವು. ಅವಳು ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಮುದ್ದಣ್ಣ ತಾನೇ ವ್ಯಾನ್ ತಂದ. ಉಡುಪಿ, ಕಾಪು, ಕಾರ್ಕಳ ಸುತ್ತಿ ಎಂಟನ್ನು ಸರಿಮಾಡಿದರು. ಉಚ್ಚಿಲದಲ್ಲಿ ಮೀನಿನ ಲಾರಿಯ ಪ್ರವೀಣ್ ಮಾತ್ರ ಒಪ್ಪಲಿಲ್ಲ.

“ಒಂದು ದಿನವೂ ತೊಂದರೆ ಕೊಡಲಿಲ್ಲ ಮಾರಾಯ್ರೆ. ಸುಮ್ಮನೆ ಯಾಕೆ ಬಿಚ್ಚುವುದು?”

ಗ್ಲೋರಿಯಾ ವಾದಿಸಲಿಲ್ಲ. ಅಂಗಳದಲ್ಲೇ ಲಾರಿಯನ್ನು ಮೆಲ್ಲಗೆ ಓಡಿಸಲು ಹೇಳಿ, ಪಕ್ಕದಲ್ಲಿ ಕೂತು ತಂತಿ ಎಳೆದು, “ಈಗ ನಿಲ್ಲಿಸಿ,” ಎಂದಳು. ಲಾರಿ ನಿಂತಿತು. ಗಾಜಿನಲ್ಲಿ ಹದಿನಾಲ್ಕು ಹಾಗೆಯೇ ಹೊಳೆಯುತ್ತಿತ್ತು.

ಪ್ರವೀಣ್ ಅದನ್ನೇ ನೋಡುತ್ತ ಕೂತ. ಆಮೇಲೆ ಎಂಜಿನ್ ಆಫ್ ಮಾಡಿ ಕೆಳಗಿಳಿದ.

“ಬಿಚ್ಚಿ,” ಎಂದ. “ನನ್ನ ತಮ್ಮನೂ ಇದೇ ಲಾರಿ ಓಡಿಸುವುದು.”

ಅವಳು ಕೆಲಸ ಮುಗಿಸುವವರೆಗೆ ಮುದ್ದಣ್ಣ ಟಾರ್ಚ್ ಹಿಡಿದು ನಿಂತಿದ್ದ.