ಮಾತು ಮುಚ್ಚಿದ ಕರಡಿಗೆ

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಐದು ವರ್ಷ ಕಳೆದಿತ್ತು. ಆಗ ನಾನು ಉದಗೀರದಲ್ಲಿ ಆರೋಗ್ಯ ಪ್ರಚಾರದ ಒಂದು ಕಚೇರಿಯಲ್ಲಿ ಚಿತ್ರಕಥೆಗಳಿಗೆ ಸ್ಕ್ರಿಪ್ಟ್ ಬರೆಯುತ್ತಿದ್ದೆ. ಪ್ರತಿ ಚೌಕಟ್ಟಿನಲ್ಲಿ ಯಾರಿರಬೇಕು, ಏನು ಮಾಡುತ್ತಿರಬೇಕು, ಯಾವ ಮಾತು ಆಡಬೇಕು ಎಂದು ಕಲಾವಿದನಿಗೆ ಬರೆದುಕೊಡುವುದೇ ಸ್ಕ್ರಿಪ್ಟ್. ಮಾತು ಕೂರುವ ಬಿಳಿಯ ಗುಳ್ಳೆಗೆ ಬಲೂನ್ ಎನ್ನುತ್ತಿದ್ದೆವು. ನೆಂಟರಿಗೆ ಇದೂ ಒಂದು ನೌಕರಿ ಎಂದು ಒಪ್ಪಿಸಲು ಹೋಗಿ ನಾನು ನಗೆಪಾಟಲಾದದ್ದೇ ಹೆಚ್ಚು.

ಆ ಬೇಸಿಗೆ ನಿಲಂಗಾ ತಾಲ್ಲೂಕಿನಲ್ಲಿ ಸಿಡುಬು ಎದ್ದಿತು. ಟೀಕಾ, ಅಂದರೆ ಲಸಿಕೆ ಹಾಕುವವನು ಬಂದರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ನಾಲ್ಕು ಚೌಕಟ್ಟಿನ ಕಥೆ ಬರೆದೆ. ಪುಟ್ಟ ಹುಡುಗಿ ಅಂಗಳದಲ್ಲಿ ಆಡುತ್ತಾಳೆ, ಟೀಕಾದವನು ಬರುತ್ತಾನೆ, ಚುಚ್ಚುತ್ತಾನೆ, ಅವಳು ಮತ್ತೆ ನಗುತ್ತ ಆಡುತ್ತಾಳೆ. ಅಲ್ಲಿನ ಒಕ್ಕಲಿನವರು, ಅಂಗಡಿಯವರು ಬಹುಪಾಲು ಲಿಂಗವಂತರು. ಅದಕ್ಕೇ ಹುಡುಗಿಯ ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಇರಲಿ ಎಂದು ಬರೆದಿದ್ದೆ. ಕೊನೆಯ ಬಲೂನಿಗೆ ಮೂರೇ ಶಬ್ದ: "ಏನೂ ಆಗ್ಲಿಲ್ಲವ್ವಾ, ನೋಡು!"

ಮೇಲಧಿಕಾರಿಗೆ ಅದು ಸಾಲಲಿಲ್ಲ. "ಇಷ್ಟು ದೊಡ್ಡ ಹಾಳೆಗೆ ಮೂರು ಶಬ್ದವೇ?" ಎಂದರು. ಸ್ವಚ್ಛತೆ, ಕರ್ತವ್ಯ, ಸರ್ಕಾರದ ಕಾಳಜಿ ಎಲ್ಲವನ್ನೂ ಆ ಹುಡುಗಿಯ ಬಾಯಿಗೇ ತುರುಕಿದರು. ಬಲೂನ್ ಹಿಗ್ಗಿ ಅವಳ ಎದೆಯವರೆಗೆ ಇಳಿಯಿತು. ಯಾವ ಮಗು ಹೀಗೆ ಭಾಷಣ ಮಾಡುತ್ತದೆ ಎಂದು ಜಗಳವಾಡಿದೆ. ಕಚೇರಿಯಲ್ಲಿ ದೊಡ್ಡವರ ಮಾತೇ ಮಾತು.

ಅಚ್ಚಾದ ಹಾಳೆಗಳನ್ನು ಹೊತ್ತು ಕಾಸಾರಶಿರಸಿಗೆ ಹೋದೆ. ಬಟ್ಟೆ ವ್ಯಾಪಾರಿಯ ತಾಯಿ ಶರಣಮ್ಮ ಹೂಂ ಅಂದರೆ ಇಡೀ ಓಣಿ ಹೂಂ ಅನ್ನುತ್ತದೆ ಎಂದು ಕೇಳಿದ್ದೆ. ಮೊದಲು ಅವರ ಮನೆಗೇ ಹೋಗಿ ಹಾಳೆ ಕೈಗಿಟ್ಟೆ. ಅವರ ಮೊಮ್ಮಗಳು ಐದು ವರ್ಷದ ಕಾಶಿ ಹೆಗಲ ಮೇಲಿಂದ ಇಣುಕುತ್ತಿದ್ದಳು. ಓದು ಬಾರದ ಶರಣಮ್ಮ ಒಂದೊಂದೇ ಚೌಕಟ್ಟಿನ ಮೇಲೆ ಬೆರಳಿಟ್ಟರು.

"ಇಲ್ಲಿ ಲಿಂಗ ಅದ, ಇಲ್ಲಿ ಅದ, ಸೂಜಿ ಚುಚ್ಚುವಾಗ ಭೀ ಅದ. ಮುಂದ ಎಲ್ಲಿ ಹೋತ್ರೀ?"

ಬಲೂನ್ ಅಡ್ಡ ಬಂದಿದೆ, ಅದರ ಕೆಳಗೆ ಇದ್ದೇ ಇದೆ ಎಂದೆ.

"ಇದ್ದಿದ್ದು ಮುಚ್ಚೂದ್ಯಾಕ? ಟೀಕಾ ಹಾಕಿ ಲಿಂಗ ತಗೀತಾರಂತ ನೀವಾ ಬರದು ತಂದೀರಿ. ನಮ್ಮ ಕೂಸಿಗಿ ಬ್ಯಾಡ, ನಡೀರಿ."

ಪ್ರಾಣ ಹೋದರೂ ಲಿಂಗ ಬಿಡಬಾರದು ಎನ್ನುವ ಮನೆತನ. ಸಂಜೆಯೊಳಗೆ ಸುದ್ದಿ ಓಣಿ ದಾಟಿತು, ಟೀಕಾದವನಿಗೆ ಒಂದು ತೋಳೂ ಸಿಗಲಿಲ್ಲ.

ಉದಗೀರಕ್ಕೆ ಓಡಿಬಂದು, ಯಾರನ್ನೂ ಕೇಳದೆ ಕಲಾವಿದನ ಪಕ್ಕ ಕೂತೆ. ಬಲೂನ್ ಕುಗ್ಗಿಸಿ, ನನ್ನ ಮೂರು ಶಬ್ದವನ್ನು ಮೂಲೆಗೆ ಬರೆಸಿದೆ. ಮತ್ತೆ ಅಚ್ಚಾಗಿ ಬರುವ ಹೊತ್ತಿಗೆ ಮಳೆಗಾಲ ಹಿಡಿದಿತ್ತು. ಶರಣಮ್ಮನ ಬಾಗಿಲಲ್ಲಿ ಬೇವಿನ ತೋರಣ ಒಣಗಿ ಜೋತಿತ್ತು. ಸಿಡುಬು ಬಂದುಹೋದ ಮನೆಯೆಂದು ಅದೇ ಹೇಳಿತು. ಕಾಶಿ ಬದುಕಿದ್ದಳು. ಕಣ್ಣು ಎರಡೂ ಹೋಗಿದ್ದವು.

ಶರಣಮ್ಮ ಹೊಸ ಹಾಳೆ ಬಿಡಿಸಿ ಕೊನೆಯ ಚೌಕಟ್ಟಿನ ಮೇಲೆ ಬೆರಳಿಟ್ಟರು. "ಇದಾ ಮೊದಲ ತಂದಿದ್ರ ನಿಮ್ದೇನ ಹೋಗ್ತಿತ್ರೀ?"

ಹಾಳೆಯ ಸಪ್ಪಳಕ್ಕೆ ಕಾಶಿ ತಡವರಿಸುತ್ತ ಹತ್ತಿರ ಬಂದಳು. "ಆಯೀ, ಚಿತ್ರದಾಗ ಏನದ?"

"ಒಂದ ಪೋರಿ ಆಡ್ಲಾಕತ್ತಾಳ," ಎಂದರು ಅಜ್ಜಿ. ಹಾಳೆ ಮಡಚಿಟ್ಟರು.

ಆಮೇಲೆ ನಾನು ಬರೆದ ಪ್ರತಿ ಸ್ಕ್ರಿಪ್ಟಿನಲ್ಲೂ ಮಾತಿಗಿಂತ ಮೊದಲು, ಬಲೂನ್ ಎಲ್ಲಿ ಕೂರಬಾರದು ಎಂದು ಬರೆದೆ. ಓದು ಬಾರದವರಿಗೆ ನಮ್ಮ ಮಾತೆಲ್ಲ ಬರೀ ಬಿಳಿಯ ತೇಪೆ. ಅದು ಏನನ್ನು ಮುಚ್ಚಿತು ಎನ್ನುವುದನ್ನೇ ಅವರು ಓದುತ್ತಾರೆ. ಶಬ್ದ ಹೆಚ್ಚಿಸಿ ಎಂದ ಅಧಿಕಾರಿಗಳ ಜೊತೆ ನಿವೃತ್ತಿಯವರೆಗೂ ಜಗಳವಾಡಿದೆ. ಯಾಕಿಷ್ಟು ಹಟ ಎಂದು ಕೇಳಿದವರಿಗೆ ಕಾಶಿ ಕೇಳಿದ ಪ್ರಶ್ನೆಯನ್ನು ಹೇಳುತ್ತಿದ್ದೆ.