ಕೊರಿಯರ್‌ಗೆ ಹೋಗದ ಅರ್ಜಿ

ದೇವನಹಳ್ಳಿಯಾಚೆ ದ್ರಾಕ್ಷಿ ತೋಟಗಳ ನಡುವೆ ಇರುವ ನಮ್ಮ ಕಾಲೇಜಿನಲ್ಲಿ ಗಣಿತದ ಜೊತೆ ಸಂಗೀತ ಓದಬಹುದು, ಅರ್ಥಶಾಸ್ತ್ರದ ಜೊತೆ ಪುರಾತತ್ವ ಓದಬಹುದು. ಬೇಸಿಗೆಯಲ್ಲಿ ತರಬೇತಿಗಳಿರುತ್ತವೆ. ಮೂರನೇ ವರ್ಷ ಆಯ್ಕೆಯಾದ ಇಬ್ಬರಿಗೆ ಒಂದು ಸೆಮಿಸ್ಟರ್ ವಿದೇಶ. ಇವೆಲ್ಲದರ ಅರ್ಜಿಯೂ ಹೋಗಬೇಕಾದ್ದು ಗುಮಾಸ್ತ ಕೆಂಪರಾಜ್ ಅವರ ಕೈಯಿಂದಲೇ. ಅವರ ಮೇಜಿಗೂ, ಇತಿಹಾಸ ಪಾಠ ಮಾಡುವ ನನ್ನ ಕೋಣೆಗೂ ನಡುವೆ ಒಂದು ಗಾಜಿನ ಬಾಗಿಲು. ಅವರು ಓದಿದ್ದು ಪಿಯುಸಿ. ಆದರೂ ಯಾವ ಹುಡುಗಿ ಯಾವುದಕ್ಕೆ ತಕ್ಕವಳು ಅನ್ನುವುದು ನಮಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು.

ಸಿಂಚನಳ ಕೈಗೆ ಅರ್ಜಿ ಕೊಟ್ಟು, ತುಂಬು ಎಂದು ಕೂರಿಸಿದ್ದೂ ಅವರೇ. ಅವಳು, ಅಗೆದಾಗ ಹಳೆಯ ಬೌದ್ಧ ವಿಹಾರ ಸಿಕ್ಕ ರಾಜಘಟ್ಟದ ಪಕ್ಕದ ಹಳ್ಳಿಯವಳು. ಅಲ್ಲಿಗೆ ಕ್ಷೇತ್ರಕಾರ್ಯಕ್ಕೆ ಹೋದಾಗ ಉಳಿದವರು ಫೋಟೊ ತೆಗೆದುಕೊಳ್ಳುತ್ತಿದ್ದರೆ ಇವಳು ಹೊಲದಂಚಿನಲ್ಲಿ ಕೂತು ಮಡಕೆ ಚೂರುಗಳ ಮಣ್ಣನ್ನು ಬೆರಳಿನಿಂದ ಒರೆಸುತ್ತಿದ್ದಳು. ಆ ವರ್ಷ, ಅಂದರೆ 2017ರಲ್ಲಿ, ಹಳೆಯ ಮಣ್ಣಿನ ವಸ್ತುಗಳನ್ನು ಕಾಪಾಡುವ ವಿದ್ಯೆಯನ್ನು ವಿದೇಶದ ಒಂದು ಸಂಗ್ರಹಾಲಯದಲ್ಲಿ ಕಲಿಯುವ ಅವಕಾಶ ಬಂದಿತ್ತು. ಸಹಿ ಮಾಡಿದ ಕಾಗದಗಳು ಕೊರಿಯರ್‌ನಲ್ಲಿ ಹೋಗಬೇಕಿತ್ತು.

ಕೊನೆಯ ದಿನಕ್ಕೆ ಎರಡು ದಿನವಿರುವಾಗ ಅವಳ ತಂದೆ ಬೈಲಪ್ಪ ಒಬ್ಬರೇ ಕಾಲೇಜಿಗೆ ಬಂದರು. ಕೆಂಪರಾಜ್ ಅವರ ಅಕ್ಕನನ್ನು ಕೊಟ್ಟಿದ್ದು ಅದೇ ಊರಿಗೆ, ಹಾಗಾಗಿ ಹಳೆಯ ಪರಿಚಯ. ಆರು ವರ್ಷದ ಹಿಂದೆ ಬೈಲಪ್ಪನವರ ಹೆಂಡತಿ ಬೆಂಗಳೂರಿನ ಆಸ್ಪತ್ರೆಗೆ ತಾವೇ ಬಸ್ ಹತ್ತಿ ಹೋದವರು ಹೆಣವಾಗಿ ವ್ಯಾನಿನಲ್ಲಿ ಬಂದಿದ್ದರು. ಅಂದಿನಿಂದ ಮಗಳ ಬಸ್ಸು ಹತ್ತು ನಿಮಿಷ ತಡವಾದರೆ ಈ ಮನುಷ್ಯ ಸ್ಟಾಪಿನಲ್ಲಿ ನಿಂತಿರುತ್ತಿದ್ದರು. ತಂದಿಟ್ಟ ಟೀ ಮುಟ್ಟದೆ ಅವರು ಹೇಳಿದ್ದು ಒಂದೇ ಮಾತು: "ಬೇಡ ಅಂತ ನನ್ ಬಾಯಿಂದ ಅವ್ಳಿಗೆ ಹೇಳೋಕಾಗಲ್ಲ ಕಣಪ್ಪಾ. ನೀನು ಕಳಿಸ್ದೆ ಇದ್ಬಿಡು, ಸಾಕು."

ಕೆಂಪರಾಜ್ ಬೇರೆ ಅರ್ಜಿಗಳನ್ನು ಕೊರಿಯರ್‌ನವನಿಗೆ ಕೊಟ್ಟರು. ಅದೊಂದನ್ನು ಕೊಡಲಿಲ್ಲ. ಸಿಂಚನ ಒಂದು ತಿಂಗಳು ದಿನಾ ಮಧ್ಯಾಹ್ನ ಗಾಜಿನ ಬಾಗಿಲು ತಳ್ಳಿ, "ಬಂತಾ ಸಾರ್?" ಎಂದು ಕೇಳುತ್ತಿದ್ದಳು. ಇನ್ನೂ ಇಲ್ಲಮ್ಮ ಎನ್ನುತ್ತಿದ್ದರು. ಕೊನೆಗೊಂದು ದಿನ, ನಿನಗೆ ಸಿಗಲಿಲ್ಲ ಎಂದರು. ಅವಳು ಡಿಗ್ರಿ, ಬಿ.ಎಡ್. ಮುಗಿಸಿ ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ಟೀಚರಾದಳು.

ಇದೊಂದೂ ಆಗ ನನಗೆ ಗೊತ್ತಿರಲಿಲ್ಲ. ನಾನು ಕಂಡಿದ್ದು ಬೇರೆ. ಮರುವರ್ಷ ಫೆಬ್ರವರಿಯ ಒಂದು ಮಧ್ಯಾಹ್ನ ಗಾಳಿಗೆ ಬಾಗಿಲು ಅಲ್ಲಾಡಿತು. ಕೆಂಪರಾಜ್ ತಲೆಯೆತ್ತದೆ, "ಇನ್ನೂ ಇಲ್ಲಮ್ಮ" ಎಂದರು. ನಾನು ಇಣುಕಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಆಮೇಲೆ ಇದು ಪ್ರತಿ ವರ್ಷದ್ದಾಯಿತು. ಹೊಸ ಅರ್ಜಿಗಳನ್ನು ಎಣಿಸಿದರೆ ಅವರ ಲೆಕ್ಕದಲ್ಲಿ ಯಾವಾಗಲೂ ಒಂದು ಹೆಚ್ಚಿರುತ್ತಿತ್ತು, ಮತ್ತೆ ಎಣಿಸುತ್ತಿದ್ದರು. ಒಮ್ಮೆ ಕೆಂಪರಾಜ್ ಹೊಸ ಮಕ್ಕಳ ಗುಂಪು ಫೋಟೊದಲ್ಲಿ ಹಿಂದಿನ ಸಾಲಿಗೆ ಬೆರಳಿಟ್ಟು, ಈ ಹುಡುಗಿ ಯಾರು ಎಂದು ನನ್ನನ್ನು ಕೇಳಿದರು. ಬೆರಳಿದ್ದ ಕಡೆ ಬರೀ ಗೋಡೆಯಿತ್ತು.

ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಕೆಂಪರಾಜ್ ನನ್ನ ಬಳಿ ಎಲ್ಲ ಹೇಳಿಕೊಂಡರು. ಹೋಗಿ ಅವಳಿಗೇ ಹೇಳಿಬಿಡಿ, ಮನಸ್ಸು ಹಗುರಾಗುತ್ತದೆ ಎಂದವನು ನಾನು.

ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಸಿಂಚನಳ ಮನೆಗೆ ಹೋದೆವು. ಬೈಲಪ್ಪನವರಿಗೆ ಲಕ್ವ ಹೊಡೆದು ವರ್ಷವಾಗಿತ್ತು. ಒಳಕೋಣೆಯ ಮಂಚದಲ್ಲಿ ಮಲಗಿದ್ದರು, ಮಾತು ನಿಂತಿತ್ತು. ಅದು ಗೊತ್ತಾದಾಗಲೇ ನಾವು ಕಾಫಿ ಕುಡಿದು ಎದ್ದು ಬರಬೇಕಿತ್ತು. ಕೆಂಪರಾಜ್ ತಗ್ಗಿದ ದನಿಯಲ್ಲಿ ಎಲ್ಲ ಹೇಳಿ, ಇಷ್ಟು ವರ್ಷ ತಮ್ಮಲ್ಲೇ ಇಟ್ಟುಕೊಂಡಿದ್ದ ಅರ್ಜಿಯನ್ನು ಅವಳ ಕೈಗಿಟ್ಟರು. ಸಿಂಚನ ನಿಂತೇ ಓದಿದಳು. ಅದರ ಮೊದಲ ಸಾಲು, ಉಳುವಾಗ ಸಿಕ್ಕ ಇಟ್ಟಿಗೆ ಚೂರುಗಳನ್ನು ನಮ್ಮಪ್ಪ ಎಸೆಯದೆ ಬದುವಿನ ಮೇಲೆ ಜೋಡಿಸಿಡುತ್ತಿದ್ದರು, ಎಂದಿತ್ತು. ಅಲ್ಲಿಂದ ಮುಂದೆ ಅವಳ ಕಣ್ಣು ಹೋಗಲಿಲ್ಲ.

"ಕಳಿಸಿದ್ರೆ ಸಿಗ್ತಿತ್ತಾ ಸಾರ್?"

"ಗೊತ್ತಿಲ್ಲಮ್ಮ. ಯಾರೂ ಓದ್ಲೇ ಇಲ್ಲ."

ಅಪ್ಪನೇ ಬಂದು ಕೇಳಿದರಾ ಎಂದಳು. ಕೆಂಪರಾಜ್ ಹೌದೆಂದು ತಲೆಯಾಡಿಸಿದರು. ಒಳಗೆ ಕೆಮ್ಮು ಕೇಳಿಸಿತು. ಅವಳು ಹೋಗಿ ತಂದೆಯ ತಲೆ ಎತ್ತಿ ಹಿಡಿದು ನೀರು ಕುಡಿಸಿದಳು, ಸೆರಗಿನಿಂದ ಬಾಯಿ ಒರೆಸಿದಳು. ಒರೆಸಿದ ಮೇಲೂ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು. ಹೊರಗೆ ಬಂದು ಹೇಳಿದಳು: "ಇಷ್ಟು ದಿನ ನನಗೇ ಯೋಗ್ಯತೆ ಇಲ್ಲ ಅನ್ಕೊಂಡಿದ್ದೆ. ಅದೇ ಸಲೀಸಾಗಿತ್ತು ಸಾರ್."



ಕಾರ್ತಿಕದಲ್ಲಿ ಬೈಲಪ್ಪ ತೀರಿಕೊಂಡರು. ಹನ್ನೊಂದನೇ ದಿನದ ಊಟಕ್ಕೆ ಹೋದೆವು. ಸಿಂಚನ ಎಲ್ಲರಿಗೂ ಬಡಿಸಿದಂತೆ ಕೆಂಪರಾಜ್ ಎಲೆಗೂ ಬಡಿಸಿದಳು, ಇನ್ನಷ್ಟು ಹಾಕಲೇ ಎಂದು ಕೇಳಿದಳು. ಕೈ ತೊಳೆಯುವಲ್ಲಿ ನಾನು, ತಂದೆಯನ್ನು ಆ ವಿಷಯ ಕೇಳಿದೆಯಾ ಎಂದೆ.

"ಕೇಳ್ಲಿಲ್ಲ. ಕೊನೇ ವಾರ ನನ್ ಕೈ ಹಿಡ್ಕೊಂಡು ಏನೋ ಹೇಳೋಕ್ ನೋಡಿದ್ರು. ನೀವು ಅವತ್ತು ಆಡಿದ್ದು ಒಳಗೆ ಕೇಳಿಸ್ತೋ, ಇಲ್ಲ ಬರೀ ನೀರು ಬೇಕಿತ್ತೋ. ನಾನು ನೀರು ಕೊಟ್ಟೆ."

ಇಷ್ಟು ಹೇಳಿ ಅವಳು ಎರಡನೇ ಪಂಕ್ತಿಗೆ ಎಲೆ ಹಾಕಲು ಹೋದಳು. ಕೆಂಪರಾಜ್ ಅಂಗಳದಲ್ಲಿ ಬಗ್ಗಿ ತಮ್ಮ ಚಪ್ಪಲಿ ಹುಡುಕುತ್ತಿದ್ದರು. ಎಷ್ಟು ಹೊತ್ತಾದರೂ ಮೇಲೇಳಲಿಲ್ಲ.